ಬಿಗ್ ಬೋರ್ ಹಾಕಿಸುವವರೇ, ಬಿಲ್ಲಿನಲ್ಲಿ ಅಳತೆ ಬರೆಸಿಕೊಳ್ಳಿ

ಮಾನ್ಯ ಸಂಪಾದಕರೇ,

ಸೀಸನ್ ಶುರುವಾದರೆ ಸಾಕು, ಪತ್ರಿಕೆಗಳಲ್ಲಿ ಗೋಕರ್ಣ, ಮುರುಡೇಶ್ವರ, ಕಾರವಾರದ ಕಡಲತೀರದ ಫೋಟೋಗಳು ಬರುತ್ತವೆ. ಎಟಿವಿ (ಮರಳಲ್ಲಿ ಓಡುವ ನಾಲ್ಕು ಚಕ್ರದ ಬೈಕು) ಮೇಲೆ ಕೂತು ನಗುವ ಪ್ರವಾಸಿಗರು ಅದರಲ್ಲಿ ಇದ್ದೇ ಇರುತ್ತಾರೆ. ಆ ಗಾಡಿ ಕೆಟ್ಟ ಮೇಲೆ ಏನಾಗುತ್ತದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಕೆಟ್ಟ ಮೇಲೆ ಅದು ಗೂಡ್ಸ್ ಆಟೋ ಏರಿ ನನ್ನಂಥವರ ಹತ್ತಿರ ಬರುತ್ತದೆ. ಕುಮಟಾದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಬೈಕು, ಸ್ಕೂಟರ್ ಜೊತೆ ಈ ನಾಲ್ಕು ಚಕ್ರದ ಬೈಕುಗಳನ್ನೂ ನೋಡುತ್ತೇನೆ. ಅದೇ ಅನುಭವದಿಂದ ಬಿಗ್ ಬೋರ್ ಬಗ್ಗೆ, ಅಂದರೆ ಎಂಜಿನ್ನಿನ ಸಿಲಿಂಡರನ್ನು ಅಗಲ ಮಾಡಿ ದೊಡ್ಡ ಪಿಸ್ಟನ್ ಕೂರಿಸುವುದರ ಬಗ್ಗೆ ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕುವುದಾದರೆ ನಂಬರ್‌ಗಳನ್ನು ಬಿಟ್ಟು ಬೇರೆಯದಕ್ಕೆ ಹಾಕಿ.

ವಿಷಯ ಇಷ್ಟೇ. ಈಗ ಎಂಜಿನ್ ಸೀಜ್ ಆದ, ಅಂದರೆ ಪಿಸ್ಟನ್ ಕಚ್ಚಿಕೊಂಡು ನಿಂತ ಎಟಿವಿ ತಂದವರೆಲ್ಲ ಕೇಳುವ ಮೊದಲ ಪ್ರಶ್ನೆ, 'ಏನಾಯ್ತು' ಅಂತ ಅಲ್ಲ. 'ಅಣ್ಣ, ಹೇಗೂ ಬಿಚ್ಚಬೇಕಲ್ಲ, ಬಿಗ್ ಬೋರ್ ಹಾಕಿಬಿಡೋಣ, ಅಲ್ವಾ?' ಅಂತ. ಮೊಬೈಲಿನಲ್ಲಿ ವಿಡಿಯೋ ನೋಡಿರುತ್ತಾರೆ. ಹಳೇ ಬ್ಲಾಕ್ (ಸಿಲಿಂಡರ್ ಇರುವ ಭಾಗ) ತೆಗೆದರು, ದೊಡ್ಡ ಪಿಸ್ಟನ್ ಕೂರಿಸಿದರು, ಕಿಕ್ ಹೊಡೆದರು, ಗಾಡಿ ಮುಂದಿನ ಚಕ್ರ ಎತ್ತಿಕೊಂಡು ಓಡಿತು. ಹತ್ತು ನಿಮಿಷದ ಕೆಲಸ ಅನ್ನಿಸುತ್ತದೆ. ಆನ್‌ಲೈನಿನಲ್ಲಿ ಕಿಟ್ ಸಿಗುತ್ತದೆ, ಸಿಲಿಂಡರ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಎಲ್ಲ ಒಂದೇ ಡಬ್ಬಿಯಲ್ಲಿ. ಡಬ್ಬಿ ಹಿಡಿದುಕೊಂಡೇ ಬರುವವರೂ ಇದ್ದಾರೆ.

ಮೊದಲು ಲೆಕ್ಕ ನೋಡಿ. ನಮ್ಮ ತೀರದಲ್ಲಿ ಓಡುವ ಚೀನಾ ಮೂಲದ ಎಟಿವಿಗಳಲ್ಲಿ ಕೆಲವಕ್ಕೆ ಎಂಜಿನ್ ಕೇಸಿನ ಮೇಲೆ 167 ಎಫ್‌ಎಂಎಂ ಅಂತ ಕೋಡ್ ಇರುತ್ತದೆ. ಮೊದಲ 1 ಅಂದರೆ ಒಂದೇ ಸಿಲಿಂಡರ್. 67 ಅಂದರೆ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 67 ಮಿಲಿಮೀಟರ್. ಆಮೇಲಿನ ಎಫ್ ಅಂದರೆ ಗಾಳಿಯಿಂದ ತಣ್ಣಗಾಗುವ ಎಂಜಿನ್. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಹೋಗುವ ದೂರ, 65 ಮಿಲಿಮೀಟರ್. ಬೋರಿನ ವೃತ್ತದ ಕ್ಷೇತ್ರಫಲವನ್ನು ಸ್ಟ್ರೋಕಿನಿಂದ ಗುಣಿಸಿದರೆ 229 ಸಿಸಿ ಬರುತ್ತದೆ. ಟ್ಯಾಂಕಿನ ಮೇಲೆ ಮಾತ್ರ 250 ಅಂತ ಸ್ಟಿಕ್ಕರ್! ಇದಕ್ಕೆ 70ರ ಪಿಸ್ಟನ್ ಹಾಕಿದರೆ ಆಗ ನಿಜವಾಗಿ 250 ಸಿಸಿ ಆಗುತ್ತದೆ. ಅಂದರೆ ಹೆಚ್ಚಾಗಿದ್ದು ಶೇಕಡಾ 9. ಹೋಂಡಾದ ಟಿಆರ್‌ಎಕ್ಸ್ 400 ಇಎಕ್ಸ್ ಅನ್ನುವ ಹೆಸರುವಾಸಿ ಎಟಿವಿಯಲ್ಲೂ ಹಾಗೇ, 85ರ ಬೋರನ್ನು 89.5ಕ್ಕೆ ಏರಿಸಿದರೆ 397 ಸಿಸಿ ಇದ್ದದ್ದು 440 ಆಗುತ್ತದೆ, ಶೇಕಡಾ 11ರ ಹತ್ತಿರ. ಅದೂ ಸಿಸಿಯ ಲೆಕ್ಕ. ಕಾರ್ಬುರೇಟರ್, ವಾಲ್ವ್, ಸೈಲೆನ್ಸರ್ ಹಳೆಯದೇ ಇದ್ದರೆ ಅಷ್ಟೂ ಪವರ್ ಆಗಿ ಚಕ್ರಕ್ಕೆ ಬರುವುದಿಲ್ಲ. ಡಬಲ್ ಪವರ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಎದ್ದು ಬನ್ನಿ.

ಇನ್ನು ಎಂಜಿನ್ ಯಾಕೆ ಹೋಗುತ್ತದೆ ಅನ್ನುವುದು. ಇದನ್ನು ಕೇಳದೆ ದೊಡ್ಡ ಪಿಸ್ಟನ್ ಹಾಕಿದರೆ, ಹಳೆಯದು ಯಾವುದರಿಂದ ಸತ್ತಿತೋ ಹೊಸದೂ ಅದರಿಂದಲೇ ಸಾಯುತ್ತದೆ, ಇನ್ನೂ ಬೇಗ.

ಗೋಕರ್ಣದ ಕಡೆಯ ಒಂದು ಗಾಡಿಯ ಉದಾಹರಣೆ ಕೊಡುತ್ತೇನೆ. ಓಡುತ್ತಾ ಓಡುತ್ತಾ ಪಿಕಪ್ ಬಿದ್ದು, ನೀಲಿ ಹೊಗೆ ಬಂದು, ಕೊನೆಗೆ ಕಿಕ್ಕರ್ ಅಲುಗಾಡದೆ ನಿಂತಿತ್ತು. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚುವ ಮೊದಲು ನಾನು ಏರ್ ಫಿಲ್ಟರ್ ತೆಗೆದು ಅದರ ಹಿಂದಿನ ರಬ್ಬರ್ ಪೈಪಿನೊಳಗೆ ಬೆರಳು ಹಾಕಿ ಒರೆಸಿದೆ. ಕಾರ್ಬುರೇಟರ್ ಕಡೆಯ ಭಾಗ ಅದು, ಅಲ್ಲಿ ಕನ್ನಡಿಯ ಹಾಗೆ ಶುದ್ಧ ಇರಬೇಕು. ಬೆರಳಿಗೆ ಮರಳು ಹತ್ತಿತು. ಎರಡು ಬೆರಳು ತಿಕ್ಕಿದರೆ ಕರಕರ ಅನ್ನುತ್ತಿತ್ತು. ಸ್ಪಾಂಜಿನ ಫಿಲ್ಟರ್‌ನಲ್ಲಿ ಎಣ್ಣೆಯ ಪಸೆ ಇರಲಿಲ್ಲ, ಒಣಗಿ ಪುಡಿಯಾಗುವ ಸ್ಥಿತಿ. ಒಳಗೆ ನೋಡಿದರೆ ಪಿಸ್ಟನ್ನಿನ ಗಾಳಿ ಬರುವ ಬದಿಗೆ ಮೇಲಿಂದ ಕೆಳಗೆ ಸಣ್ಣ ಸಣ್ಣ ಗೀರುಗಳು. ಸಿಲಿಂಡರ್ ಗೋಡೆಯ ಮೇಲೆ ಉಗುರು ಆಡಿಸಿದರೆ ಒಂದೊಂದು ಗೀರಿಗೂ ತಡೆಯುತ್ತಿತ್ತು. ಮೇಲಿನ ರಿಂಗು ಸವೆದು ಬ್ಲೇಡಿನಂತೆ ಚೂಪಾಗಿತ್ತು. ಇದಕ್ಕೆ ಬೇಕಾಗಿದ್ದು ಬಿಗ್ ಬೋರ್ ಅಲ್ಲ ಮಾರಾಯ್ರೆ, ವಾರಕ್ಕೊಮ್ಮೆ ತೊಳೆದು ಎಣ್ಣೆ ಹಚ್ಚಿದ ಫಿಲ್ಟರ್. ನೂರು ರೂಪಾಯಿಯ ಎಣ್ಣೆ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡ ಕಥೆ.

ಗೀರು ಹೊಗೆ ಹೋಗುವ ಬದಿಗೆ ಇದ್ದರೆ ವಿಷಯ ಬೇರೆ. ಅದು ಬಿಸಿಯ ಸಮಸ್ಯೆ. ನಮ್ಮ ತೀರದಲ್ಲಿ ಈ ಎಂಜಿನ್‌ಗಳು ಯಾಕೆ ಇಷ್ಟು ಬಿಸಿಯಾಗುತ್ತವೆ ಅಂದರೆ, ಒಣ ಮರಳಿನಲ್ಲಿ ಗಾಡಿ ಹೋಗುವುದು ನಿಧಾನ, ಆಕ್ಸಿಲರೇಟರ್ ಮಾತ್ರ ಪೂರ್ತಿ. ಬೀಸುವ ಗಾಳಿ ಕಡಿಮೆ, ಉರಿಯುವ ಪೆಟ್ರೋಲ್ ಜಾಸ್ತಿ. ಮೇಲಿಂದ ಸಿಲಿಂಡರಿನ ರೆಕ್ಕೆಗಳ ನಡುವೆ ಉಪ್ಪು, ಮರಳು, ಸೋರಿದ ಆಯಿಲ್ ಸೇರಿ ಗಟ್ಟಿ ಕೆಸರಾಗಿ ಕೂತಿರುತ್ತದೆ. ತಣ್ಣಗಾಗುವ ದಾರಿಯೇ ಮುಚ್ಚಿದ ಹಾಗೆ. ಸಂಜೆ ಎಂಜಿನ್ ಆರಿದ ಮೇಲೆ ಸಿಹಿ ನೀರಿನಲ್ಲಿ ಆ ರೆಕ್ಕೆಗಳನ್ನು ತೊಳೆಯಿರಿ ಅಂತ ಎಷ್ಟು ಹೇಳಿದರೂ, ತೊಳೆಯುವುದು ಹೊರಗಿನ ಪ್ಲಾಸ್ಟಿಕ್ಕನ್ನು ಮಾತ್ರ. ಫೋಟೋದಲ್ಲಿ ಚೆಂದ ಕಾಣಬೇಕಲ್ಲ.

ಬಿಸಿಗೆ ಇನ್ನೊಂದು ಕಾರಣ ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಆಮ್ಲಜನಕ ಇದೆ, ಹಾಗಾಗಿ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಬರೀ ಪೆಟ್ರೋಲ್‌ಗೆ ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ ಅನ್ನುವ ಲೆಕ್ಕ, ಇದಕ್ಕೆ 13.5ರ ಆಸುಪಾಸು. ಕಂಪ್ಯೂಟರ್ ಇರುವ ಹೊಸ ಬೈಕುಗಳು ತಾವೇ ಸರಿ ಮಾಡಿಕೊಳ್ಳುತ್ತವೆ. ಕಾರ್ಬುರೇಟರ್ ಎಟಿವಿಗೆ ಆ ಬುದ್ಧಿ ಇಲ್ಲ. ಹಳೇ ಜೆಟ್, ಅಂದರೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು, ಹಾಗೇ ಇದ್ದರೆ ಲೀನ್ ಓಡುತ್ತದೆ (ಗಾಳಿಗೆ ಪೆಟ್ರೋಲ್ ಸಾಲದು), ಪ್ಲಗ್ ತೆಗೆದರೆ ಸುಣ್ಣದಂತೆ ಬೆಳ್ಳಗಿರುತ್ತದೆ. ಇದರ ಮೇಲೆ ಬಿಗ್ ಬೋರ್ ಹಾಕಿ ಜೆಟ್ ಬದಲಾಯಿಸದೆ ಬಿಟ್ಟರೆ? ಅಂಥ ಗಾಡಿಗಳೂ ಬಂದಿವೆ. ಪಿಸ್ಟನ್ನಿನ ತಲೆ ಕರಗಿ ತೂತಾಗಿತ್ತು.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ಒಳಗೆ ನೀರು ಹೋಗಿದೆ, ಆ ಆಯಿಲಿನಲ್ಲಿ ಒಂದು ಸುತ್ತೂ ಓಡಿಸಬಾರದು. ಹಳ್ಳ ದಾಟುವಾಗ ಏರ್ ಬಾಕ್ಸಿನಿಂದ ನೀರು ಎಳೆದುಕೊಂಡು ನಿಂತ ಗಾಡಿಯಾದರೆ ಕನೆಕ್ಟಿಂಗ್ ರಾಡ್ ಬಗ್ಗಿದೆಯಾ ನೋಡಲೇಬೇಕು. ನೀರನ್ನು ಅದುಮಲು ಬರುವುದಿಲ್ಲ, ಬಗ್ಗುವುದು ರಾಡೇ.

ಸರಿ, ಕಾರಣ ಸಿಕ್ಕಿತು, ಈಗ ಎಂಜಿನ್ ಕಟ್ಟಬೇಕು. ಇಲ್ಲಿ ನನ್ನ ನಿಜವಾದ ದೂರು ಇರುವುದು. ಅಳತೆ ತೆಗೆಯುವವರು ಕಡಿಮೆಯಾಗಿದ್ದಾರೆ. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬೋರ್ ಗೇಜ್ ಇಟ್ಟು ನೋಡಬೇಕು. ಆಗ ಅದು ಎಷ್ಟು ಸವೆದಿದೆ, ಎಷ್ಟು ಮೊಟ್ಟೆಯಾಕಾರ ಆಗಿದೆ ಅನ್ನುವುದು ಗೊತ್ತಾಗುತ್ತದೆ. ಹೆಚ್ಚಿನ ಸಲ 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ನಿಗೆ ಬೋರ್ ಹೊಡೆಸಿದರೆ ಕೆಲಸ ಮುಗಿಯುತ್ತದೆ. 0.75, 1.00 ಕೂಡ ಬರುತ್ತವೆ. ಹೀಗೆ ಹಂತ ಹಂತವಾಗಿ ಹೋದರೆ ಅದೇ ಬ್ಲಾಕ್ ನಾಲ್ಕು ಸಲ ಬದುಕುತ್ತದೆ. ಒಂದೇ ಏಟಿಗೆ 67ರಿಂದ 70ಕ್ಕೆ ಹಾರಿದರೆ, ಲೈನರಿನ (ಸಿಲಿಂಡರಿನೊಳಗಿನ ಕಬ್ಬಿಣದ ಕೊಳವೆಯ) ಗೋಡೆ ಸುತ್ತಲೂ ಒಂದೂವರೆ ಮಿಲಿಮೀಟರ್ ತೆಳುವಾಗುತ್ತದೆ. ತೆಳು ಗೋಡೆ ಬಿಸಿಗೆ ಸೊಟ್ಟಗಾಗುತ್ತದೆ, ಮುಂದಿನ ಸಲ ಕೊರೆಯಲು ಏನೂ ಉಳಿದಿರುವುದಿಲ್ಲ. ದಪ್ಪ ಲೈನರ್ ಬೇಕೆಂದರೆ ಬ್ಲಾಕ್ ಕೂರುವ ಕ್ರ್ಯಾಂಕ್ ಕೇಸಿನ ಬಾಯಿಯನ್ನೂ ಕೊರೆಯಬೇಕು, ಅಂದರೆ ಪೂರ್ತಿ ಎಂಜಿನ್ ಕೆಳಗಿಳಿಸಿ ಎರಡು ಭಾಗ ಮಾಡಬೇಕು. ಇನ್ನು ಕೆಲವು ದುಬಾರಿ ಎಟಿವಿಗಳಲ್ಲಿ ಕಬ್ಬಿಣದ ಲೈನರೇ ಇಲ್ಲ, ಅಲ್ಯೂಮಿನಿಯಂ ಗೋಡೆಗೆ ನಿಕಾಸಿಲ್ ಅನ್ನುವ ಗಟ್ಟಿ, ತೆಳು ಲೇಪನ ಇರುತ್ತದೆ. ಅದನ್ನು ಮಾಮೂಲಿ ಲೇತಿಗೆ ಕೊಟ್ಟು ಬೋರ್ ಹೊಡೆಸಿದರೆ ಲೇಪನ ಹೋಯಿತು, ಬ್ಲಾಕೂ ಹೋಯಿತು.

ಬೋರ್ ದೊಡ್ಡದಾದರೆ ಕಂಪ್ರೆಶನ್ ಏರುತ್ತದೆ ಅನ್ನುವುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಕಂಪ್ರೆಶನ್ ಅಂದರೆ ಒಳಗೆ ಬಂದ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಲೆಕ್ಕ, ಮೂಲದಲ್ಲಿ ಅದು 9 ಇದೆ ಎಂದಿಟ್ಟುಕೊಳ್ಳಿ. 229 ಸಿಸಿಗೆ ಹೆಡ್ಡಿನ ಗುಂಡಿ ಸುಮಾರು 28.6 ಸಿಸಿ. ಅದೇ ಹೆಡ್ಡಿಗೆ 250 ಸಿಸಿ ಅದುಮಿದರೆ 9.7 ದಾಟುತ್ತದೆ. ಪಿಸ್ಟನ್ ತಲೆ ಉಬ್ಬಿದ್ದರೆ ಇನ್ನೂ ಜಾಸ್ತಿ. ಸ್ಟಾರ್ಟರ್ ಮೋಟಾರ್ ಒದ್ದಾಡುತ್ತದೆ, ಮರಳಲ್ಲಿ ಎಳೆಯುವಾಗ ಟಕಟಕ ನಾಕಿಂಗ್ ಬರುತ್ತದೆ. ಗ್ಯಾಸ್ಕೆಟ್ಟಿನ ತೂತು ಹೊಸ ಬೋರಿಗಿಂತ ಸಣ್ಣದಿದ್ದು ಅಂಚು ಒಳಗೆ ಚಾಚಿಕೊಂಡಿದ್ದರೆ, ಆ ಅಂಚೇ ಕೆಂಪಗೆ ಕಾದು ಪ್ಲಗ್ಗಿಗಿಂತ ಮೊದಲು ಬೆಂಕಿ ಹೊತ್ತಿಸುತ್ತದೆ. ಉಬ್ಬಿದ ಪಿಸ್ಟನ್ ವಾಲ್ವಿಗೆ ತಾಗುತ್ತದಾ ಅಂತ ಮಕ್ಕಳು ಆಡುವ ಬಣ್ಣದ ಕ್ಲೇ ಇಟ್ಟು, ಕೈಯಿಂದ ಎರಡು ಸುತ್ತು ತಿರುಗಿಸಿ, ತೆಗೆದು ಕತ್ತರಿಸಿ ದಪ್ಪ ನೋಡಬೇಕು. ಹತ್ತು ರೂಪಾಯಿಯ ಕ್ಲೇ. ನಮ್ಮ ಗ್ಯಾರೇಜಿನಲ್ಲಿ ಅದು ಸ್ಪ್ಯಾನರ್ ಡಬ್ಬಿಯಲ್ಲೇ ಇರುತ್ತದೆ, ಮನೆಗೆ ತಂದರೆ ಮಕ್ಕಳು ಬಿಡುವುದಿಲ್ಲ.

ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಇನ್ನೂ ಮುಖ್ಯ. ಎರಕದ ಪಿಸ್ಟನ್ನಿಗೆ ಸಾಮಾನ್ಯವಾಗಿ 0.03ರಿಂದ 0.05 ಮಿಲಿಮೀಟರ್ ಸಾಕು. ಬಿಗ್ ಬೋರ್ ಕಿಟ್ಟುಗಳಲ್ಲಿ ಬರುವ ಫೋರ್ಜ್ಡ್ (ಒತ್ತಿ ರೂಪಿಸಿದ) ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಅದಕ್ಕೆ ಹೆಚ್ಚು ಸಂದು ಬೇಕು, ಎಷ್ಟು ಅಂತ ಪಿಸ್ಟನ್ ಜೊತೆ ಬರುವ ಚೀಟಿಯಲ್ಲೇ ಇರುತ್ತದೆ. ಆ ಚೀಟಿಯನ್ನು ಡಬ್ಬಿ ಜೊತೆ ಕಸಕ್ಕೆ ಎಸೆದು, ಹಳೇ ಅಭ್ಯಾಸದಲ್ಲಿ ಬಿಗಿಯಾಗಿ ಬೋರ್ ಹೊಡೆದರೆ ಮೊದಲ ಏರಿನಲ್ಲೇ ಕಚ್ಚಿಕೊಳ್ಳುತ್ತದೆ. ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಅದೂ ಹಾಗೇ. ರಿಂಗನ್ನು ಬರೀ ಸಿಲಿಂಡರಿನಲ್ಲಿ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರ ತಳ್ಳಿ, ಫೀಲರ್ ಗೇಜಿನಿಂದ ಸಂದು ನೋಡಬೇಕು. 70ರ ಬೋರಿಗೆ ಮೇಲಿನ ರಿಂಗಿಗೆ 0.28 ಮಿಲಿಮೀಟರಿನ ಸುತ್ತಮುತ್ತ. ಕಡಿಮೆ ಇದ್ದರೆ ಬಿಸಿಯಾದಾಗ ಎರಡು ತುದಿ ಒಂದಕ್ಕೊಂದು ಗುದ್ದಿ ರಿಂಗ್ ಮುರಿಯುತ್ತದೆ. ಕಿಟ್ಟಿನಲ್ಲಿ ಬಂದಿದ್ದು ಸರಿಯಾಗಿಯೇ ಇರುತ್ತದೆ ಅಂತ ನಂಬುವುದು ಅವರವರ ಧೈರ್ಯ.

ಹುಬ್ಬಳ್ಳಿಗೆ ಬ್ಲಾಕ್ ಕಳಿಸಿ ಬೋರ್ ಹೊಡೆಸಿ ತರಿಸುವುದು ನಮ್ಮ ಕಡೆ ಮೊದಲಿಂದ ಇದೆ. ಆದರೆ ಕಳಿಸುವವರು ಪಿಸ್ಟನ್ ಜೊತೆಗೆ ಕಳಿಸುವುದಿಲ್ಲ! '70ಕ್ಕೆ ಹೊಡೀರಿ' ಅಂತ ಫೋನಿನಲ್ಲಿ ಹೇಳುತ್ತಾರೆ. 70ರ ಪಿಸ್ಟನ್ ಅಂದರೆ ಸರಿಯಾಗಿ 70 ಇರುವುದಿಲ್ಲ ಸ್ವಾಮಿ. ಪಿಸ್ಟನ್ ಕೈಯಲ್ಲಿ ಹಿಡಿದು, ಮೈಕ್ರೋಮೀಟರ್ ಹಾಕಿ, ಅದಕ್ಕೆ ಸಂದು ಕೂಡಿಸಿ ಬೋರ್ ಹೊಡೆಯಬೇಕು. ಒಂದು ವರ್ಕ್‌ಶಾಪಿನಿಂದ, ಯಾವ ಊರು ಅಂತ ಹೇಳುವುದು ಬೇಡ, ಬಂದ ಬ್ಲಾಕಿನಲ್ಲಿ ಹೋನಿಂಗೇ ಮಾಡಿರಲಿಲ್ಲ. ಗೋಡೆ ಮೇಲೆ ಅಡ್ಡಗೆರೆಗಳ ಜಾಲರಿ ಕಾಣಬೇಕು, ಆಯಿಲ್ ನಿಲ್ಲುವುದು ಅದರಲ್ಲೇ. ಅಲ್ಲಿ ಲೇತಿನ ಉಳಿ ತಿರುಗಿದ ಗುರುತು ಮಾತ್ರ ಇತ್ತು. ಕೇಳಿದರೆ 'ಓಡಿದಂತೆ ಸರಿಯಾಗುತ್ತದೆ' ಅನ್ನುವ ಉತ್ತರ.

ಮೇಲಿನದು ಹೊಸದಾಗಿ, ಕೆಳಗಿನದು ಹಳೆಯದೇ ಉಳಿದರೆ ಅದೂ ಪ್ರಯೋಜನ ಇಲ್ಲ. ಸೀಜ್ ಆದ ಎಂಜಿನ್ನಿನ ಅಲ್ಯೂಮಿನಿಯಂ ಚೂರು ಆಯಿಲ್ ಜೊತೆ ಎಲ್ಲ ಕಡೆ ಹೋಗಿರುತ್ತದೆ. ಆಯಿಲ್ ಜಾಲರಿ, ಪಂಪ್, ಆಯಿಲ್ ಕೂಲರ್ ಇದ್ದರೆ ಅದರ ಹೊಟ್ಟೆ, ಎಲ್ಲ ತೊಳೆಯಬೇಕು. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಸ್ವಲ್ಪವೂ ಆಟ ಇರಬಾರದು. ಅಕ್ಕಪಕ್ಕ ಸ್ವಲ್ಪ ಸರಿದರೆ ಅದು ಸರಿಯೇ. ಆಟ ಇದ್ದ ಕ್ರ್ಯಾಂಕಿನ ಮೇಲೆ ದೊಡ್ಡ, ಭಾರದ ಪಿಸ್ಟನ್ ಕೂರಿಸಿದರೆ ಅದು ಎಷ್ಟು ದಿನ ತಡೆಯುತ್ತದೆ ಹೇಳಿ?

ಹಾಗಾದರೆ ಪವರ್ ಬೇಕು ಅನ್ನುವವರು ಏನು ಮಾಡಬೇಕು? ತೀರದಲ್ಲಿ ಗಾಡಿ ಬಾಡಿಗೆಗೆ ಓಡಿಸುವವರಿಗೆ ಬೇಕಾಗಿರುವುದು ಸ್ಪೀಡ್ ಅಲ್ಲ, ಎಳೆತ. ಚೈನ್ ಇರುವ ಗಾಡಿಯಾದರೆ ಮುಂದಿನ ಸ್ಪ್ರಾಕೆಟ್ 12 ಹಲ್ಲಿನದನ್ನು ತೆಗೆದು 11ರದ್ದು ಹಾಕಿ. ಚಕ್ರಕ್ಕೆ ಬರುವ ಎಳೆತ ಶೇಕಡಾ 9 ಹೆಚ್ಚುತ್ತದೆ. ಬಿಗ್ ಬೋರಿನಲ್ಲಿ ಸಿಸಿ ಹೆಚ್ಚಾಗಿದ್ದೂ ಅಷ್ಟೇ ಅಲ್ವಾ? ಎಂಜಿನ್ ಮುಟ್ಟಲೇ ಇಲ್ಲ, ಅರ್ಧ ಗಂಟೆಯ ಕೆಲಸ. ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಮಕ್ಕಳು ಆಡುವ ತೀರದಲ್ಲಿ ಟಾಪ್ ಸ್ಪೀಡ್ ಯಾರಿಗೆ ಬೇಕು? ಮೇಲಾಗಿ, ಕಡಲಾಮೆ ಮೊಟ್ಟೆ ಇಡಲು ಬರುವ ಚಳಿಗಾಲವೇ ನಮ್ಮ ಸೀಸನ್ ಕೂಡ. ಟೈರಿನ ಗಾಳಿಯನ್ನೂ ನೋಡಿ. ಎಟಿವಿ ಟೈರಿಗೆ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ ಸಾಕು. ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಲೆಕ್ಕದಲ್ಲಿ 25 ಹೊಡೆಸಿಕೊಂಡು ಬಂದು, ಗಾಡಿ ಮರಳಲ್ಲಿ ಹೂತುಹೋಗುತ್ತದೆ, ಎಂಜಿನ್ನಿಗೆ ದಮ್ಮಿಲ್ಲ ಅಂತ ಬಯ್ಯುವುದು ಸರಿಯಾ? ಕಡಿಮೆ ಗಾಳಿ ಅಳೆಯುವ ಗೇಜ್ ಬೇರೆಯೇ ಬರುತ್ತದೆ, ಒಂದು ಇಟ್ಟುಕೊಳ್ಳಿ.

ಬಿಗ್ ಬೋರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಶಿರಸಿ ಕಡೆಯ ಒಬ್ಬ ಅಡಿಕೆ ತೋಟದವರು ಸ್ವಂತ ಜಾಗದಲ್ಲಿ ಓಡಿಸಲು ಗಾಡಿ ಇಟ್ಟುಕೊಂಡಿದ್ದಾರೆ. ತೋಟದಿಂದ ಮನೆಗೆ ಏರು, ಹಿಂದೆ ಗೊಬ್ಬರದ ಚೀಲ ಅಥವಾ ಅಡಿಕೆ ಗೊನೆ. ಬ್ಲಾಕ್ ಕೊನೆಯ ಓವರ್‌ಸೈಜ್ ದಾಟಿತ್ತು, ಹೇಗೂ ಹೊಸ ಸಿಲಿಂಡರ್ ತರಿಸಬೇಕಿತ್ತು. ಅವರಿಗೆ ಅವಸರ ಇರಲಿಲ್ಲ, ಅಳತೆ ತೆಗೆಯುವಾಗ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಕೇಳಿದರು. ಅಂಥವರಿಗೆ ಖುಷಿಯಿಂದ ಕಟ್ಟಿಕೊಟ್ಟಿದ್ದೇನೆ. ಮೇನ್ ಜೆಟ್ ಏರಿಸಿ, ಪ್ಲಗ್ ಕಾಫಿ ಬಣ್ಣಕ್ಕೆ ಬರುವ ತನಕ ಮತ್ತೆ ಮತ್ತೆ ನೋಡಿ ಕೊಟ್ಟೆ. ದಿನವಿಡೀ ಬೇರೆ ಬೇರೆ ಜನ ಹತ್ತಿ ತಿರುಚುವ ಬಾಡಿಗೆ ಗಾಡಿಗೆ ಮಾತ್ರ ನಾನು ಹಾಕುವುದಿಲ್ಲ, ಕೇಳಬೇಡಿ.

ಯಾಕೆಂದರೆ ಹೊಸ ಎಂಜಿನ್ನಿಗೆ ರನ್ನಿಂಗ್ ಇನ್ ಬೇಕು, ಅಂದರೆ ಮೊದಮೊದಲು ನಯವಾಗಿ ಓಡಿಸಿ ಹದಕ್ಕೆ ತರಬೇಕು. ಮೊದಲು ಸುಮ್ನೆ ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡಿ, ಹೆಡ್ ನಟ್‌ಗಳನ್ನು ತಣ್ಣಗಿದ್ದಾಗ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಬೇಕು. ಆಮೇಲೆ ಒಂದೇ ವೇಗದಲ್ಲಿ ಅಲ್ಲ, ಏರಿಸುತ್ತಾ ಇಳಿಸುತ್ತಾ ಓಡಿಸಿ, ಮೊದಲ ಆಯಿಲನ್ನು ಬೇಗ ಚೆಲ್ಲಬೇಕು. ಆ ಆಯಿಲನ್ನು ಬಿಸಿಲಿಗೆ ಹಿಡಿದರೆ ಲೋಹದ ಮಿನುಗು ಕಾಣುತ್ತದೆ, ಅದು ಮತ್ತೆ ಒಳಗೆ ತಿರುಗಬಾರದು. ಡಿಸೆಂಬರ್ 23ಕ್ಕೆ ಗಾಡಿ ತಂದು ಕ್ರಿಸ್‌ಮಸ್ಸಿಗೆ ಬೇಕು ಅನ್ನುವವರಿಗೆ ಇದೆಲ್ಲ ಎಲ್ಲಿಂದ ಸಾಧ್ಯ? ಕಟ್ಟಿದ ಮರುದಿನವೇ ಇಬ್ಬರನ್ನು ಕೂರಿಸಿ ಫುಲ್ ಥ್ರಾಟಲ್. ಜನವರಿ ಒಂದಕ್ಕೆ ಫೋನ್ ಬರುತ್ತದೆ, 'ನೀವು ಕಟ್ಟಿದ್ದು ಹೋಯ್ತು' ಅಂತ.

ಹಾಗಾಗಿ ನನ್ನ ಕೋರಿಕೆ ಗಾಡಿಯ ಮಾಲೀಕರಿಗೆ. ಎಂಜಿನ್ ಕಟ್ಟಿಸಿದಾಗ 'ಬೋರ್, ಪಿಸ್ಟನ್, ಲೇಬರ್' ಅಂತ ಮೂರು ಸಾಲಿನ ಬಿಲ್ ತೆಗೆದುಕೊಳ್ಳಬೇಡಿ. ಸಿಲಿಂಡರಿನ ಅಳತೆ ಎಷ್ಟು, ಪಿಸ್ಟನ್ನಿನದು ಎಷ್ಟು, ನಡುವಿನ ಸಂದು ಎಷ್ಟು, ರಿಂಗಿನ ಬಾಯಿ ಎಷ್ಟು, ಯಾವ ಜೆಟ್ ಹಾಕಿದ್ದಾರೆ, ಇಷ್ಟನ್ನು ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ. ನಿಮಗೆ ಅರ್ಥ ಆಗದಿದ್ದರೂ ಪರವಾಗಿಲ್ಲ. ಬರೆಯಬೇಕು ಅಂದರೆ ನಾವು ಅಳೆಯಲೇಬೇಕಾಗುತ್ತದೆ. ಅಳೆಯುವುದು ನಮ್ಮ ಹುಡುಗರಿಗೆ ಬರುವುದಿಲ್ಲ ಅಂತಲ್ಲ, ಐಟಿಐಯಲ್ಲಿ ಮೈಕ್ರೋಮೀಟರ್ ಹಿಡಿದು ಕಲಿತೇ ಬಂದಿರುತ್ತಾರೆ. ಗ್ಯಾರೇಜಿನಲ್ಲಿ ಯಾರೂ ಕೇಳುವುದಿಲ್ಲ, ಹಾಗಾಗಿ ಬಿಟ್ಟುಬಿಡುತ್ತಾರೆ. ಮುಂದಿನ ಸಲ ಬಿಚ್ಚುವವನಿಗೂ ಆ ಚೀಟಿ ಉಪಯೋಗಕ್ಕೆ ಬರುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಸಿಟ್ಟು ತರಿಸಬಹುದು, ತರಿಸಲಿ.

ಇನ್ನೊಂದು ಮಾತು, ಮಳೆಗಾಲದ ಮುಂಚೆ ಇದನ್ನು ಪ್ರಕಟಿಸಿದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ತೀರದ ಗಾಡಿಗಳು ತಾಡಪತ್ರೆ ಅಡಿ ಮಲಗುತ್ತವೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ತೇವ ಕೇಳಬೇಕೇ. ನೀರು ಹೆಚ್ಚಾದರೆ ಎಥನಾಲ್ ನೀರಿನ ಜೊತೆ ಬೇರ್ಪಟ್ಟು ಕೆಳಗೆ ಕೂರುತ್ತದೆ, ಕಾರ್ಬುರೇಟರ್ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟಿ ಜೆಟ್ ಮುಚ್ಚುತ್ತದೆ. ಅಕ್ಟೋಬರಿನಲ್ಲಿ ಅರ್ಧ ಮುಚ್ಚಿದ ಜೆಟ್ಟಿನಲ್ಲಿ ಲೀನ್ ಓಡಿ ಹೋಗುವ ಎಂಜಿನ್‌ಗಳೇ ನನ್ನ ಹತ್ತಿರ ಹೆಚ್ಚು ಬರುವುದು. ಮೇ ಕೊನೆಗೆ ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿಬಿಡಿ, ಟ್ಯಾಂಕೂ ಖಾಲಿ ಮಾಡಿ. ಪ್ಲಗ್ ತೆಗೆದು ಒಂದು ಚಮಚ ಆಯಿಲ್ ಹಾಕಿ ಕಿಕ್ಕರನ್ನು ಕೈಯಲ್ಲಿ ನಾಲ್ಕು ಸಲ ತಿರುಗಿಸಿ, ಪ್ಲಗ್ ಮತ್ತೆ ಹಾಕಿಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ.

ಇಂತಿ,
ಒಬ್ಬ ಗ್ಯಾರೇಜಿನವ, ಕುಮಟಾ